ಕೊಡಗಿನ ಪ್ರತಿನಿಧಿ ಶ್ರೀ ಸಿ. ಎಂ. ಪೂಣಚ್ಚನವರು

ದೊಡ್ಡ ನಾಡಿನ ಪ್ರತಿನಿಧಿಗೂ ಚಿಕ್ಕ ನಾಡಿನ ಪ್ರತಿನಿಧಿಗೂ ಮುಖ್ಯವಾದ ಒಂದು ವ್ಯತ್ಯಾಸವುಂಟು. ದೊಡ್ಡ ನಾಡಿನವನು ಶಾಸನಸಭೆಯಲ್ಲಿ ಎದ್ದು ನಿಂತಾಗ ಅವನ ಬೆನ್ನಿಗೆ ಸಂಖ್ಯೆಯ ಬಲವಿರುತ್ತದೆ. ಅವನು ಒಂದು ದಿನ ಸುಮ್ಮನಿದ್ದರೂ ಅವನ ನಾಡಿನ ಮತ್ತೊಬ್ಬನು ಆ ಮಾತನ್ನು ಆಡಿಬಿಡುತ್ತಾನೆ. ಚಿಕ್ಕ ನಾಡಿನವನಿಗೆ ಆ ಸೌಕರ್ಯವಿಲ್ಲ. ಅವನು ಸುಮ್ಮನಾದರೆ ನಾಡೇ ಸುಮ್ಮನಾದಂತೆ. ಇಂಥ ಚಿಕ್ಕ ನಾಡೊಂದರ ಪರವಾಗಿ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಸಭೆಗಳಲ್ಲಿ ಕುಳಿತು, ಕೊನೆಗೆ ಆ ನಾಡಿನ ಪ್ರತ್ಯೇಕ ಶಾಸನಸಭೆಯು ಇಲ್ಲದಂತಾದುದನ್ನೂ ತಮ್ಮ ಅಧಿಕಾರದ ಅವಧಿಯಲ್ಲಿಯೇ ಕಂಡವರು ಶ್ರೀ ಸಿ. ಎಂ. ಪೂಣಚ್ಚನವರು. ಕೊಡಗಿಗೆ ಮುಖ್ಯಮಂತ್ರಿಯಾಗಿದ್ದವರು ಅವರೊಬ್ಬರೇ. ಅವರಿಗಿಂತ ಮೊದಲು ಆ ಪದವಿಯಿರಲಿಲ್ಲ, ಅವರಾದ ಮೇಲೆ ಆ ಪದವಿ ಉಳಿಯಲಿಲ್ಲ.

ಅವರ ಜನನ 1910ರ ಸೆಪ್ಟೆಂಬರ್ 26ರಂದು. ಹೆಸರನ್ನು ಪೂರ್ಣವಾಗಿ ಹೇಳುವುದಾದರೆ ಚೆಪ್ಪುಡಿರ ಮುತ್ತಣ್ಣ ಪೂಣಚ್ಚ. ಕೊಡವರಲ್ಲಿ ಮನುಷ್ಯನ ಸ್ವಂತ ಹೆಸರಿಗಿಂತ ಮುಂದೆ ಅವನ ಒಕ್ಕದ ಹೆಸರು ಬರುತ್ತದೆಂಬುದನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಚೆಪ್ಪುಡಿರ ಎಂಬುದು ಒಕ್ಕ. ಮುತ್ತಣ್ಣ ಎಂಬುದು ತಂದೆಯ ಹೆಸರು. ಪೂಣಚ್ಚ ಎಂಬುದೊಂದೇ ಅವರದು. ಇದು ಕೇವಲ ನಾಮಕರಣದ ವಿಚಾರವಲ್ಲ. ಜಮ್ಮದ ಭೂಮಿಯು ಒಕ್ಕಕ್ಕೆ ಸೇರಿದ್ದು. ಅದನ್ನು ಯಾವನೊಬ್ಬನೂ ತನ್ನಿಷ್ಟದಂತೆ ಪರಭಾರೆ ಮಾಡುವಂತಿರಲಿಲ್ಲ. ಅದಕ್ಕೆ ಕಂದಾಯ ಕಡಮೆ. ಆದರೆ ಅರಸನು ಕರೆದಾಗ ಕೋವಿ ಹಿಡಿದು ಹೋಗಬೇಕಾದ ಋಣವು ಹಿಂದೆ ಅದರೊಡನೆ ಅಂಟಿಕೊಂಡಿತ್ತು. ಊರಿನ ವ್ಯಾಜ್ಯವು ಊರುತಕ್ಕನ ಮುಂದೆ, ನಾಡಿನ ವ್ಯಾಜ್ಯವು ನಾಡುತಕ್ಕನ ಮುಂದೆ ತೀರುತ್ತಿತ್ತು. ಹತ್ತು ಮಂದಿ ಹಿರಿಯರು ಮಂದಿನಲ್ಲಿ ಕೂಡಿ ಮಾತಾಡಿ ಇತ್ಯರ್ಥಮಾಡುವ ಪದ್ಧತಿ ಕೊಡಗಿಗೆ ಯಾವ ಆಂಗ್ಲ ಕಾನೂನಿನಿಂದಲೂ ಬಂದುದಲ್ಲ. ಪ್ರಾತಿನಿಧ್ಯವೆಂಬ ಭಾವನೆಯು ಆ ಮಣ್ಣಿನಲ್ಲಿ ಮೊದಲೇ ಇತ್ತೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ಸುಲಭವಾಗಿ ತಿಳಿಯುತ್ತದೆ.

1834ರಲ್ಲಿ ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿಯವರು ಕೊಡಗನ್ನು ವಶಪಡಿಸಿಕೊಂಡರು. ಕರ್ನಲ್ ಫ್ರೇಸರನು ಆಗ ಹೊರಡಿಸಿದ ಘೋಷಣೆಯಲ್ಲಿ, ಜನರ ಒಮ್ಮತದ ಕೋರಿಕೆಯಂತೆಯೇ ಈ ನಾಡನ್ನು ಕಂಪೆನಿಯ ಆಳ್ವಿಕೆಗೆ ಸೇರಿಸಿಕೊಳ್ಳಲಾಗಿದೆಯೆಂಬ ಭಾವದ ಮಾತಿತ್ತು. ಆ ಕೋರಿಕೆಯನ್ನು ಎಷ್ಟು ಮಂದಿ, ಹೇಗೆ ಮುಂದಿಟ್ಟರೆಂಬುದು ಬೇರೆ ವಿಚಾರ. ಹಾಗೆ ಜನರ ಹೆಸರನ್ನು ಹೇಳಿ ಬಂದ ಸರ್ಕಾರವು ಆ ಜನರಿಗೊಂದು ಸಭೆಯನ್ನು ಕೊಡಲು ತೊಂಬತ್ತು ವರ್ಷಗಳನ್ನು ತೆಗೆದುಕೊಂಡಿತು. ನೆರೆಯ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿಯೂ ನ್ಯಾಯವಿಧಾಯಕ ಸಭೆಯು 1907ರಲ್ಲಿಯೂ ಏರ್ಪಟ್ಟಿದ್ದುವು. ಕೊಡಗಿನಲ್ಲಿ ಶಾಸನಸಭೆ ಹುಟ್ಟಿದ್ದು 1924ರಲ್ಲಿ. ಅದರಲ್ಲಿ ಸದಸ್ಯರು ಇಪ್ಪತ್ತು ಮಂದಿ: ಹದಿನೈದು ಮಂದಿ ಚುನಾಯಿತರು, ಐದು ಮಂದಿ ಸರ್ಕಾರದಿಂದ ನೇಮಕವಾದವರು. ಮತದಾರರನ್ನು ಜಮ್ಮದವರೆಂದೂ ಜಮ್ಮದವರಲ್ಲದವರೆಂದೂ ಯೂರೋಪಿಯನ್ ತೋಟಗಾರರೆಂದೂ ವಿಭಾಗಿಸಿದ್ದರು. ಸಭೆಯು ಸಲಹೆ ಕೊಡಬಹುದಾಗಿತ್ತು, ಪ್ರಶ್ನೆ ಕೇಳಬಹುದಾಗಿತ್ತು. ಆಳುವುದು ಮಾತ್ರ ಚೀಫ್ ಕಮಿಷನರರ ಕೈಯಲ್ಲಿತ್ತು. ಆ ಚೀಫ್ ಕಮಿಷನರರೂ 1940ರವರೆಗೆ ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ ಆಗಿದ್ದರು. ಕೊಡಗಿನ ಆಡಳಿತವು ಅವರಿಗೆ ಎರಡನೆಯ ಉದ್ಯೋಗ.

ಪೂಣಚ್ಚನವರ ಸಾರ್ವಜನಿಕ ಜೀವನವು ಈ ಸಭೆಯಿಂದ ಆರಂಭವಾದುದಲ್ಲ. ಅವರು ಮೊದಲು ಕಂಡದ್ದು ಸೆರೆಮನೆಯನ್ನು. 1930ರಲ್ಲಿ ಉಪ್ಪಿನ ಸತ್ಯಾಗ್ರಹವು ಹೊತ್ತಿಕೊಂಡಾಗ ಅವರಿಗೆ ಇಪ್ಪತ್ತು ವರ್ಷ ಇನ್ನೂ ತುಂಬಿರಲಿಲ್ಲ. 1932ರಲ್ಲಿ ಒಮ್ಮೆ, 1933ರಲ್ಲಿ ಮತ್ತೊಮ್ಮೆ ಬಂಧನ. 1940–41ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ ಸೆರೆ. 1942ರ ಚಳವಳಿಯಲ್ಲಿ ಮತ್ತೆ ಸೆರೆ, ಬಿಡುಗಡೆಯಾದುದು 1944ರಲ್ಲಿ. ಕೊಡಗು ಸರ್ಕಾರಕ್ಕೆ ನಿಷ್ಠವಾದ ನಾಡೆಂದು ಬ್ರಿಟಿಷರು ಬಹಳವಾಗಿ ನಂಬಿಕೊಂಡಿದ್ದರು. ಕೊಡವರಿಗೂ ಜಮ್ಮದ ಹಿಡುವಳಿದಾರರಿಗೂ ಆಯುಧದ ಕಾನೂನಿನಿಂದ ವಿನಾಯಿತಿ ಕೊಟ್ಟು, ಲೈಸೆನ್ಸಿಲ್ಲದೆ ಕೋವಿಯಿಟ್ಟುಕೊಳ್ಳಲು ಬಿಟ್ಟದ್ದೇ ಅದಕ್ಕೆ ಸಾಕ್ಷಿ. ಮನೆಯಲ್ಲಿ ಕೋವಿಯಿದ್ದೂ ಅದನ್ನು ಗೋಡೆಯ ಮೇಲೆಯೇ ಬಿಟ್ಟು ಬರಿಗೈಯಲ್ಲಿ ಸೆರೆಗೆ ನಡೆದ ತರುಣರ ಸಾಲಿನಲ್ಲಿ ಪೂಣಚ್ಚನವರೂ ಒಬ್ಬರೆಂಬುದನ್ನು ನಾವು ಗಮನಿಸಬೇಕು. 1934ರ ಫೆಬ್ರುವರಿಯಲ್ಲಿ ಮಹಾತ್ಮರು ಹರಿಜನೋದ್ಧಾರದ ಪ್ರವಾಸದಲ್ಲಿ ಕೊಡಗಿಗೂ ಬಂದುಹೋದರು. ಆ ಕಾಲದ ಕೊಡಗಿನ ಯುವಕರಲ್ಲಿ ಎದ್ದಿದ್ದ ಹುರುಪನ್ನು ಅದರಿಂದಲೇ ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸರ್ಕಾರದ ಭೂಪಟದಲ್ಲಿ ಕೊಡಗು ಬೇರೆಯೇ ಆದ ಒಂದು ಪ್ರಾಂತ. ಕಾಂಗ್ರೆಸ್ಸಿನ ಭೂಪಟದಲ್ಲಿ ಹಾಗಲ್ಲ. 1920ರ ನಾಗಪುರದ ಅಧಿವೇಶನದ ತರುವಾಯ ಕಾಂಗ್ರೆಸ್ಸು ತನ್ನ ಪ್ರಾಂತಗಳನ್ನು ಭಾಷೆಗಳಿಗನುಸಾರವಾಗಿ ಏರ್ಪಡಿಸಿಕೊಂಡಾಗ ಕೊಡಗು ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿಗೆ ಸೇರಿತು. ಪೂಣಚ್ಚನವರು 1933ರಲ್ಲಿ ಕೊಡಗು ಜಿಲ್ಲಾ ಕಾಂಗ್ರೆಸ್ ಸಮಿತಿಯ ಕಾರ್ಯದರ್ಶಿಯಾದರು. 1938ರಲ್ಲಿ ಕರ್ನಾಟಕ ಪ್ರಾಂತಿಕ ಸಮಿತಿಯ ಸದಸ್ಯರಾದರು. ಅದೇ ವರ್ಷ ಕೊಡಗು ಡಿಸ್ಟ್ರಿಕ್ಟ್ ಬೋರ್ಡಿಗೆ ಆಯ್ಕೆಯಾಗಿ 1941ರಲ್ಲಿ ಅದರ ಅಧ್ಯಕ್ಷರಾದರು. ಎಂದರೆ, ಅವರ ಒಂದು ಕಾಲು ಮಡಿಕೇರಿಯಲ್ಲಿದ್ದಿತು, ಮತ್ತೊಂದು ಹುಬ್ಬಳ್ಳಿ ಧಾರವಾಡಗಳ ಕಡೆಗಿದ್ದಿತು. ಕನ್ನಡ ನಾಡೆಲ್ಲ ಒಂದಾಗಬೇಕೆಂಬ ಮಾತು ಆ ಸಮಿತಿಯ ನಿತ್ಯದ ಮಾತು. ಕೊಡಗಿಗೂ ಆ ಮಾತು ಹೊಸದಾಗಿರಲಿಲ್ಲ: 1932ರಲ್ಲಿಯೇ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮಡಿಕೇರಿಯಲ್ಲಿ ನೆರೆದಿತ್ತು. ಹಾಲೇರಿ ಅರಸರ ಕಾಲದಿಂದಲೂ ಕಾಗದಪತ್ರಗಳ ಭಾಷೆ ಕನ್ನಡ, ಪಾಠಶಾಲೆಯ ಭಾಷೆ ಕನ್ನಡ. ಆದರೆ ಕೊಡವರ ಮನೆಯೊಳಗಿನ ಮಾತು ಕೊಡವ ತಕ್ಕ್. ಕನ್ನಡವನ್ನು ಪ್ರೀತಿಸುವುದೊಂದು, ಕನ್ನಡ ಪ್ರಾಂತದೊಳಗೆ ಕರಗಿಹೋಗುವುದೊಂದು ಎಂದು ಹೇಳುವವರಿಗೆ ಕೊಡಗಿನಲ್ಲಿ ಎಂದೂ ಕೊರತೆಯಿರಲಿಲ್ಲ. ಅವರ ಮಾತು ಯುಕ್ತಿಹೀನವೂ ಆಗಿರಲಿಲ್ಲ.

ಸೆರೆಯಿಂದ ಹೊರಬಂದ ಮರುವರ್ಷ, 1945ರಲ್ಲಿ, ಪೂಣಚ್ಚನವರು ಕೊಡಗಿನ ಶಾಸನಸಭೆಯನ್ನು ಪ್ರವೇಶಿಸಿ ಅಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾದರು. ಅದರ ಮುಂದಿನ ವರ್ಷ ಭಾರತಕ್ಕೊಂದು ರಾಜ್ಯಾಂಗ ರಚನಾ ಸಭೆ ಏರ್ಪಡುವ ಕಾಲ ಬಂದಿತು. ಸಂಪುಟ ನಿಯೋಗದ ಯೋಜನೆಯಂತೆ, ಸುಮಾರು ಹತ್ತು ಲಕ್ಷ ಜನರಿಗೆ ಒಬ್ಬ ಪ್ರತಿನಿಧಿಯೆಂಬುದು ಲೆಕ್ಕ. ಆ ಲೆಕ್ಕದಲ್ಲಿ ಕೊಡಗಿಗೆ ಕಾಲು ಪ್ರತಿನಿಧಿಯೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಆದರೂ ಅದು ಪ್ರತ್ಯೇಕ ಪ್ರಾಂತವಾಗಿದ್ದುದರಿಂದ ಅದರ ಶಾಸನಸಭೆಯು ಒಬ್ಬರನ್ನು ಆರಿಸಿ ಕಳುಹಿಸಬಹುದೆಂದು ಯೋಜನೆಯಲ್ಲಿಯೇ ಹೇಳಿದ್ದಿತು. ಹೀಗೆ ಪೂಣಚ್ಚನವರು ಡೆಲ್ಲಿಗೆ ಹೋದರು. ರಾಜೇಂದ್ರಪ್ರಸಾದರು ಅಧ್ಯಕ್ಷರಾಗಿ, ನೆಹರು ಪಟೇಲರು ಮುಂದಿನ ಸಾಲಿನಲ್ಲಿ, ಅಂಬೇಡ್ಕರರು ಕರಡಿನ ಕಟ್ಟನ್ನು ಹಿಡಿದು ಕುಳಿತಿದ್ದ ಆ ಸಭೆಯಲ್ಲಿ ಕೊಡಗಿನ ಪರವಾಗಿ ಇದ್ದುದು ಒಂದೇ ಕುರ್ಚಿ.

ಆ ಕುರ್ಚಿಯಿಂದ ಅವರು ಮಾಡಿದುದೇನು? 1947ರ ಜುಲೈ ತಿಂಗಳ ಕೊನೆಯಲ್ಲಿ ಚೀಫ್ ಕಮಿಷನರರ ಪ್ರಾಂತಗಳ ಭವಿಷ್ಯವನ್ನು ವಿಚಾರಮಾಡಲು ಪಟ್ಟಾಭಿ ಸೀತಾರಾಮಯ್ಯನವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಗೋಪಾಲಸ್ವಾಮಿ ಅಯ್ಯಂಗಾರ್, ಸಂತಾನಂ, ಡೆಲ್ಲಿಯ ದೇಶಬಂಧು ಗುಪ್ತ ಮೊದಲಾದವರೊಡನೆ ಪೂಣಚ್ಚನವರೂ ಅದರಲ್ಲಿ ಸದಸ್ಯರು. ಡೆಲ್ಲಿ, ಅಜ್ಮೀರ್–ಮೇರ್ವಾಡ, ಕೊಡಗು ಈ ಮೂರಕ್ಕೂ ಚುನಾಯಿತ ಶಾಸನಸಭೆಯೂ ಅದಕ್ಕೆ ಹೊಣೆಯಾದ ಮಂತ್ರಿಗಳೂ ಇರಬೇಕೆಂದು ಆ ಸಮಿತಿಯು ವರದಿಯಿತ್ತಿತು. ಆ ವರದಿ ಇದ್ದಂತೆ ಅಂಗೀಕಾರವಾಗಲಿಲ್ಲ. ರಾಜ್ಯಾಂಗವು ಅಂಥ ಸಭೆಗಳನ್ನು ತಾನೇ ಸೃಷ್ಟಿಸದೆ, ಬೇಕಾದರೆ ಪಾರ್ಲಿಮೆಂಟು ಕಾನೂನಿನ ಮೂಲಕ ಸೃಷ್ಟಿಸಬಹುದೆಂದು ಬಾಗಿಲನ್ನು ಅರ್ಧ ತೆರೆದಿಟ್ಟಿತು. ಆದರೆ ಕೊಡಗಿಗೆ ಒಂದು ವಿಶೇಷ ಗೌರವ ದೊರೆಯಿತು. 1950ರ ಜನವರಿ 26ರಂದು ಜಾರಿಗೆ ಬಂದ ರಾಜ್ಯಾಂಗದ 242ನೆಯ ಅನುಚ್ಛೇದಕ್ಕೆ ತಲೆಬರಹವೇ ‘ಕೊಡಗು’ ಎಂದು. ಪಾರ್ಲಿಮೆಂಟು ಬೇರೆ ಏರ್ಪಾಡು ಮಾಡುವವರೆಗೆ ಕೊಡಗಿನ ಶಾಸನಸಭೆಯ ರಚನೆ, ಅಧಿಕಾರ, ಕರ್ತವ್ಯಗಳು ಮೊದಲಿದ್ದಂತೆಯೇ ಇರತಕ್ಕದ್ದೆಂಬುದು ಅದರ ಸಾರಾಂಶ. ಕಾನೂನು ಬಲ್ಲ ಶ್ರೋತೃಗಳು ಇದನ್ನು 1935ರ ಇಂಡಿಯಾ ಸರ್ಕಾರದ ಆಕ್ಟಿನ 97ನೆಯ ಸೆಕ್ಷನ್ನಿನೊಡನೆ ಹೋಲಿಸಿ ನೋಡಿದರೆ ಎರಡರ ವ್ಯವಸ್ಥೆಯೂ ಒಂದೇ ಎಂಬುದು ಕಂಡುಬರುತ್ತದೆ. ಸ್ವತಂತ್ರ ಭಾರತವು ಬ್ರಿಟಿಷರ ಏರ್ಪಾಡನ್ನು ಎತ್ತಿ ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿತು. ಅದೇನೇ ಇರಲಿ, ಎರಡೂ ಕಾಲು ಲಕ್ಷ ಜನರ ನಾಡಿಗೆ ರಾಜ್ಯಾಂಗದಲ್ಲಿ ಅದರದೇ ಹೆಸರಿನ ಅನುಚ್ಛೇದವೊಂದಿದ್ದುದು ಸಾಮಾನ್ಯ ವಿಷಯವಲ್ಲ.

ಅರ್ಧ ತೆರೆದ ಬಾಗಿಲು 1951ರಲ್ಲಿ ಪೂರ್ತಿ ತೆರೆಯಿತು. ಆ ವರ್ಷ ಪಾರ್ಲಿಮೆಂಟು ‘ಸಿ’ ಭಾಗದ ರಾಜ್ಯಗಳ ಸರ್ಕಾರದ ಕಾನೂನನ್ನು ಮಾಡಿ ಅಜ್ಮೀರ್, ಭೋಪಾಲ್, ಡೆಲ್ಲಿ, ಹಿಮಾಚಲ ಪ್ರದೇಶ, ವಿಂಧ್ಯಪ್ರದೇಶ, ಕೊಡಗು ಈ ಆರು ರಾಜ್ಯಗಳಿಗೆ ಶಾಸನಸಭೆಗಳನ್ನು ಕೊಟ್ಟಿತು. ಅವುಗಳಲ್ಲಿ ಜನಸಂಖ್ಯೆಯಿಂದ ಅತ್ಯಂತ ಚಿಕ್ಕದು ಕೊಡಗು. 1951ರ ಗಣತಿಯಂತೆ ಅದರ ಜನಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. ಸಭೆಯ ಸ್ಥಾನಗಳು 24. ಲೆಕ್ಕಹಾಕಿದರೆ ಒಂಬತ್ತೂವರೆ ಸಾವಿರ ಜನಕ್ಕೆ ಒಬ್ಬ ಸದಸ್ಯ. ತನ್ನ ಸದಸ್ಯನ ಮನೆಯ ದಾರಿಯನ್ನು ಮತದಾರನು ಯಾರನ್ನೂ ಕೇಳದೆ ನಡೆದುಹೋಗಬಹುದಾದಷ್ಟು ಸಮೀಪ.

1952ರ ಚುನಾವಣೆಯು ಕೊಡಗಿನಲ್ಲಿ ಕೇವಲ ಪಕ್ಷಗಳ ಸ್ಪರ್ಧೆಯಾಗಿರಲಿಲ್ಲ. ಕೊಡಗು ಮುಂದೆ ಕರ್ನಾಟಕದೊಡನೆ ಸೇರಬೇಕೆ, ಬೇರೆಯಾಗಿಯೇ ಇರಬೇಕೆ ಎಂಬ ಪ್ರಶ್ನೆಯು ಅದರ ಹಿಂದೆ ನಿಂತಿತ್ತು. ಕಾಂಗ್ರೆಸ್ಸಿಗೆ ಎದುರಾಗಿ ನಿಂತವರ ಮುಂದಾಳು ಪಂದ್ಯಂಡ ಬೆಳ್ಳಿಯಪ್ಪನವರು. ಅವರೇನು ಪರಕೀಯರ ಪಕ್ಷಪಾತಿಗಳೆ? ಅಲ್ಲ. ‘ಕೊಡಗು’ ಎಂಬ ಕನ್ನಡ ವಾರಪತ್ರಿಕೆಯ ಸಂಪಾದಕರಾಗಿ, ಸ್ವಾತಂತ್ರ್ಯದ ಹೋರಾಟದಲ್ಲಿ ಬೆಂದವರು. ಕೊಡಗಿನ ಗಾಂಧಿಯೆಂದು ಜನರು ಕರೆದವರು. ಒಂದೇ ಧ್ವಜದ ಕೆಳಗೆ ನಡೆದ ಇಬ್ಬರು ಸ್ವಾತಂತ್ರ್ಯ ಬಂದ ಮೇಲೆ ನಾಡಿನ ಭವಿಷ್ಯದ ವಿಚಾರದಲ್ಲಿ ಎದುರುಬದುರಾದರು. ಬೆಳ್ಳಿಯಪ್ಪನವರ ಕಡೆಯವರ ಚಿಹ್ನೆ ತಕ್ಕಡಿ. ಆದ್ದರಿಂದ ಅವರಿಗೆ ತಕ್ಕಡಿ ಪಕ್ಷದವರೆಂದೇ ಹೆಸರಾಯಿತು. ಮತಗಳನ್ನು ಎಣಿಸಿದಾಗ ಕಾಂಗ್ರೆಸ್ಸಿಗೆ 15 ಸ್ಥಾನಗಳೂ ಸ್ವತಂತ್ರರಿಗೆ 9 ಸ್ಥಾನಗಳೂ ಬಂದುವು. ಹದಿನೈದು ಹೆಚ್ಚೆಂಬುದು ನಿಜ. ಆದರೆ ಒಂಬತ್ತೇನೂ ಅಲಕ್ಷ್ಯಮಾಡತಕ್ಕ ಸಂಖ್ಯೆಯಲ್ಲ. ವಿಲೀನಕ್ಕೆ ಕೊಡಗಿನ ಒಪ್ಪಿಗೆಯಿತ್ತೆಂದು ಹೇಳುವವರು ಹದಿನೈದನ್ನು ತೋರಿಸುತ್ತಾರೆ. ಇರಲಿಲ್ಲವೆನ್ನುವವರು ಒಂಬತ್ತನ್ನು ತೋರಿಸುತ್ತಾರೆ. ಚುನಾವಣೆಯಲ್ಲಿ ಜನರು ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲವಾದ್ದರಿಂದ ಈ ವಾದವು ತೀರುವಂಥದಲ್ಲ.

1952ರ ಮಾರ್ಚಿ 27ರಂದು ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಮಂತ್ರಿಮಂಡಲದಲ್ಲಿ ಇದ್ದವರು ಇಬ್ಬರೇ: ಪೂಣಚ್ಚನವರೊಬ್ಬರು, ಕೆ. ಮಲ್ಲಪ್ಪನವರೊಬ್ಬರು. ಇಬ್ಬರಿಂದ ಮಂಡಲವಾಗುವುದುಂಟೆ ಎಂದು ನಗುವವರು ನಗಲಿ. ಖಾತೆಗಳಿಗಾಗಿ ಜಗಳವಾಡಲು ಅಲ್ಲಿ ಸ್ಥಳವೇ ಇರಲಿಲ್ಲವೆಂಬುದೂ ಒಂದು ಲಾಭವೇ. ಆದರೆ ಈ ಮುಖ್ಯಮಂತ್ರಿಯ ಅಧಿಕಾರವು ಮದರಾಸಿನ ಅಥವಾ ಮುಂಬಯಿಯ ಮುಖ್ಯಮಂತ್ರಿಯ ಅಧಿಕಾರದಂತೆ ಪೂರ್ಣವಾದುದಾಗಿರಲಿಲ್ಲ. 1951ರ ಕಾನೂನಿನಂತೆ ಚೀಫ್ ಕಮಿಷನರರು ಹಾಜರಿದ್ದಾಗ ಮಂತ್ರಿಮಂಡಲದ ಸಭೆಗೆ ಅವರೇ ಅಧ್ಯಕ್ಷರು. ಮಂತ್ರಿಗಳಿಗೂ ಅವರಿಗೂ ಭಿನ್ನಾಭಿಪ್ರಾಯ ಬಂದರೆ ವಿಷಯವು ರಾಷ್ಟ್ರಪತಿಗಳ ಬಳಿಗೆ, ಎಂದರೆ ಡೆಲ್ಲಿಗೆ, ಹೋಗತಕ್ಕದ್ದು. 1947ರಲ್ಲಿ ಕೊಡಗಿನವರೇ ಆದ ದಿವಾನ್ ಬಹದ್ದೂರ್ ಕೇತೋಳಿರ ಚೆಂಗಪ್ಪನವರು ಆ ಪೀಠದಲ್ಲಿದ್ದರು; ಪೂಣಚ್ಚನವರ ಕಾಲದಲ್ಲಿ ಇದ್ದವರು ದಯಾಸಿಂಗ್ ಬೇದಿಯವರು. ಜನರಿಗೆ ಹೊಣೆಯಾದವನೊಬ್ಬ, ಅಧ್ಯಕ್ಷಸ್ಥಾನದಲ್ಲಿ ಕುಳಿತವನು ಮತ್ತೊಬ್ಬ ಎಂಬ ಈ ಏರ್ಪಾಡಿನಲ್ಲಿ ನಾಲ್ಕು ವರ್ಷ ಏಳು ತಿಂಗಳು ಆಡಳಿತವನ್ನು ನಡೆಸಿಕೊಂಡು ಬರುವುದಕ್ಕೆ ತಾಳ್ಮೆ ಬೇಕು. ಪೂಣಚ್ಚನವರನ್ನು ಆ ಸ್ಥಾನದಿಂದ ಕದಲಿಸುವ ಸಂದರ್ಭ ಆ ಅವಧಿಯಲ್ಲಿ ಒಮ್ಮೆಯೂ ಬರಲಿಲ್ಲ.

ಸಭೆಯು ಸೇರುತ್ತಿದ್ದುದು ಮಡಿಕೇರಿಯ ಕೋಟೆಯೊಳಗೆ. ಅರಸರ ಅರಮನೆಯೂ ಆಮೇಲೆ ಕಂಪೆನಿಯ ಕಚೇರಿಗಳೂ ಇದ್ದ ಅದೇ ಆವರಣದಲ್ಲಿ, ಆನೆಗಳ ಎರಡು ಗಾರೆಯ ಮೂರ್ತಿಗಳು ಕಾವಲು ನಿಂತಿರುವಲ್ಲಿ, ಇಪ್ಪತ್ತನಾಲ್ಕು ಮಂದಿ ಜನಪ್ರತಿನಿಧಿಗಳು ಕೂಡಿ ಆಯವ್ಯಯವನ್ನು ಚರ್ಚಿಸಿದರು. ಅವರು ಮಾಡಿದ ಕಾನೂನುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ: 1956ರ ಕೊಡಗು ದೇವಸ್ಥಾನ ನಿಧಿಗಳ ನಿರ್ವಹಣೆಯ ಕಾನೂನು. ಕೊಡಗಿನಲ್ಲಿ ದೇವಸ್ಥಾನದ ಭಂಡಾರವೆಂದರೆ ತಕ್ಕರ, ಊರವರ, ಒಕ್ಕಗಳ ಹಕ್ಕುಬಾಧ್ಯತೆಗಳ ಗಂಟು. ಹೊರಗಿನವರು ಅದಕ್ಕೆ ಕೈಹಾಕಿದ್ದರೆ ಕೈ ಸುಟ್ಟುಕೊಳ್ಳುತ್ತಿದ್ದರು. ಅದನ್ನು ಬಲ್ಲವರೇ ಮಾಡಿದ ಕಾನೂನಾದುದರಿಂದಲೋ ಏನೋ, ಅದನ್ನು ಮಾಡಿದ ಸಭೆಯು ಅದೇ ವರ್ಷ ಅಳಿದರೂ ಕಾನೂನು ಮಾತ್ರ ಉಳಿಯಿತು. ಇಡೀ ಕರ್ನಾಟಕಕ್ಕೆ ಒಂದೇ ಆದ 1997ರ ಧಾರ್ಮಿಕ ಸಂಸ್ಥೆಗಳ ಅಧಿನಿಯಮವು ಅದನ್ನು ರದ್ದುಗೊಳಿಸುವವರೆಗೂ ಅದು ಪುಸ್ತಕದಲ್ಲಿ ಬಾಳಿತು.

ಇನ್ನು ಸಭೆಯು ಅಳಿದ ಬಗೆ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ‘ಸಿ’ ಭಾಗದ ರಾಜ್ಯಗಳು ಖರ್ಚಿಗೂ ಸಾಲವು, ಕಾರ್ಯಕ್ಕೂ ಸಾಲವು ಎಂಬುದು ಅದರ ಒಟ್ಟು ಅಭಿಪ್ರಾಯ. ಕೊಡಗು ಹೊಸ ಕರ್ನಾಟಕ ರಾಜ್ಯಕ್ಕೆ ಸೇರತಕ್ಕದ್ದೆಂದು ಅದು ಸಲಹೆ ಮಾಡಿತು. ಇಲ್ಲಿ ಹಿಮಾಚಲ ಪ್ರದೇಶದ ವೃತ್ತಾಂತವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಹಿಮಾಚಲವನ್ನು ಪಂಜಾಬಿನೊಡನೆ ಸೇರಿಸಬೇಕೆಂದು ಆಯೋಗದ ಇಬ್ಬರು ಹೇಳಿದರೆ, ಅಧ್ಯಕ್ಷರಾದ ಫಜಲ್ ಅಲಿಯವರು ಭಿನ್ನಮತವನ್ನು ಬರೆದರು. ಹಿಮಾಚಲವು ಶಾಸನಸಭೆಯನ್ನು ಕೆಲಕಾಲ ಕಳೆದುಕೊಂಡರೂ ಬೇರೆಯಾಗಿ ಉಳಿದು 1971ರಲ್ಲಿ ಪೂರ್ಣ ರಾಜ್ಯವಾಯಿತು. ಡೆಲ್ಲಿಯೂ ತನ್ನ ಸಭೆಯನ್ನು 1993ರಲ್ಲಿ ಮರಳಿ ಪಡೆಯಿತು. ಕೊಡಗಿನ ಪರವಾಗಿ ಆಯೋಗದಲ್ಲಿ ಭಿನ್ನಮತವನ್ನು ಬರೆದವರು ಯಾರೂ ಇಲ್ಲ.

ಕೊಡಗಿನ ಶಾಸನಸಭೆಯು ಬೇಡವೆಂದಿದ್ದರೆ ಏನಾಗುತ್ತಿತ್ತು? ರಾಜ್ಯಾಂಗದ 3ನೆಯ ಅನುಚ್ಛೇದವು ಆಗ ಇದ್ದ ರೂಪದಲ್ಲಿ, ರಾಜ್ಯಗಳ ಎಲ್ಲೆಯನ್ನು ಬದಲಾಯಿಸುವ ಮುನ್ನ ಆಯಾ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸಿದ್ದುದು ‘ಎ’ ಮತ್ತು ‘ಬಿ’ ಭಾಗದ ರಾಜ್ಯಗಳ ವಿಷಯದಲ್ಲಿ ಮಾತ್ರ. ‘ಸಿ’ ಭಾಗದ ರಾಜ್ಯವನ್ನು ಕೇಳಲೇಬೇಕೆಂಬ ನಿರ್ಬಂಧವಿರಲಿಲ್ಲ. ಕೊಡಗಿಗೆ ಶಾಸನಸಭೆಯನ್ನು ಕೊಟ್ಟ ರಾಜ್ಯಾಂಗವೇ ಅದರ ಮಾತನ್ನು ಕೇಳದೆ ಹಿಂತೆಗೆದುಕೊಳ್ಳಲು ಅವಕಾಶವನ್ನೂ ಇಟ್ಟುಕೊಂಡಿತ್ತು. ಇದು ಪೂಣಚ್ಚನವರಂಥ ರಾಜ್ಯಾಂಗ ಸಭೆಯ ಸದಸ್ಯರಿಗೆ ತಿಳಿಯದ ವಿಷಯವಾಗಿರಲಾರದು.

ಹೀಗಿರುವಾಗ ಅವರು ವಿಲೀನಕ್ಕೆ ಎದುರುನಿಲ್ಲಲಿಲ್ಲವೆಂದು ಅವರನ್ನು ದೂಷಿಸುವವರು ಕೊಡಗಿನಲ್ಲಿ ಬಹುಕಾಲ ಇದ್ದರು. ಅಧಿಕಾರಕ್ಕಾಗಿ ನಾಡನ್ನು ಬಿಟ್ಟುಕೊಟ್ಟರೆಂಬ ಆಕ್ಷೇಪಣೆಯನ್ನು ನಾವು ಒಪ್ಪಲಾರೆವು. ಅಧಿಕಾರವೇ ಮುಖ್ಯವಾಗಿದ್ದರೆ, ಇಬ್ಬರೇ ಮಂತ್ರಿಗಳಿರುವ ರಾಜ್ಯದಲ್ಲಿ ಮೊದಲನೆಯವರಾಗಿರುವುದನ್ನು ಬಿಟ್ಟು, ಬೀದರಿನಿಂದ ಕೊಳ್ಳೇಗಾಲದವರೆಗಿನ ದೊಡ್ಡ ರಾಜ್ಯದಲ್ಲಿ ಹಲವರಲ್ಲಿ ಒಬ್ಬರಾಗುವುದನ್ನು ಯಾರು ತಾನೆ ಬಯಸುತ್ತಾರೆ? ಕನ್ನಡ ಪ್ರಾಂತವು ಒಂದಾಗಬೇಕೆಂಬ ಮಾತನ್ನು ಅವರು ಒಪ್ಪಿಕೊಂಡದ್ದು ಅಧಿಕಾರ ಬರುವುದಕ್ಕೆ ಬಹು ಮೊದಲು, ಸೆರೆಮನೆಗೆ ಹೋಗಿಬರುತ್ತಿದ್ದ ದಿನಗಳಲ್ಲಿ. ಆಡಿದ ಮಾತಿನ ಬೆಲೆಯನ್ನು ತೆರಬೇಕಾದ ದಿನ ಬಂದಾಗ ಅವರು ತೆತ್ತರು. ಇದರೊಡನೆಯೇ ಹೇಳಬೇಕಾದ ಇನ್ನೊಂದು ಮಾತುಂಟು. ಆ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಒಂಬತ್ತೂವರೆ ಸಾವಿರಕ್ಕೊಬ್ಬ ಪ್ರತಿನಿಧಿಯಿದ್ದ ಜನರೂ ತೆತ್ತರು. ಕರ್ನಾಟಕದ ಏಕೀಕರಣವು ಸರಿಯಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಏಕೀಕರಣದ ಉತ್ಸವಗಳಲ್ಲಿ ಬಳ್ಳಾರಿ, ಧಾರವಾಡ, ಕಲಬುರ್ಗಿಗಳು ಬಂದು ಸೇರಿದುವೆಂದು ಹೇಳುವ ಸಾಲಿನಲ್ಲಿಯೇ ಕೊಡಗನ್ನೂ ಸೇರಿಸಿ ಓದಿಬಿಡುವುದು ನ್ಯಾಯವಲ್ಲ. ಆ ಜಿಲ್ಲೆಗಳು ಒಂದು ಸರ್ಕಾರದ ಅಂಚಿನಿಂದ ಬಿಡಿಸಿಕೊಂಡು ತಮ್ಮವರ ಬಳಿಗೆ ಬಂದುವು. ಕೊಡಗಾದರೋ ತನ್ನ ಸರ್ಕಾರವನ್ನೇ ಬಿಟ್ಟು ಬಂದಿತು. ಬೆಳ್ಳಿಯಪ್ಪನವರ ಕಡೆಯವರು ತೂಗಿ ತೋರಿಸಹೊರಟದ್ದು ಈ ನಷ್ಟವನ್ನೇ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಏಳನೆಯ ತಿದ್ದುಪಡಿಯು 242ನೆಯ ಅನುಚ್ಛೇದವನ್ನು ತೆಗೆದುಹಾಕಿತು. ಆ ಸಂಖ್ಯೆಗೆ ಬೇರೆ ವಿಷಯವನ್ನು ತುಂಬಲಿಲ್ಲವಾದ್ದರಿಂದ, ರಾಜ್ಯಾಂಗದ ಪ್ರತಿಯನ್ನು ತೆರೆದು ನೋಡಿದವರಿಗೆ ಅಲ್ಲಿ ಸಂಖ್ಯೆಯೂ ‘ಕೊಡಗು’ ಎಂಬ ಹೆಸರೂ ರದ್ದಾಗಿದೆಯೆಂಬ ಮಾತೂ ಮಾತ್ರ ಕಾಣುತ್ತವೆ.

ಹೊಸ ಮೈಸೂರು ರಾಜ್ಯದ ವಿಧಾನಸಭೆಯು 1956ರ ಡಿಸೆಂಬರ್ 19ರಂದು, ಆಗತಾನೆ ಕಟ್ಟಿ ಮುಗಿದಿದ್ದ ಬೆಂಗಳೂರಿನ ವಿಧಾನಸೌಧದಲ್ಲಿ ಮೊದಲ ಬಾರಿಗೆ ಕುಳಿತಿತು. ಮಡಿಕೇರಿಯ ಕೋಟೆಯ ಸಭೆಯನ್ನು ಕಂಡವರಿಗೆ ಆ ಕಲ್ಲಿನ ಕಂಬಗಳ ನಡುವೆ ಹೇಗೆನಿಸಿರಬಹುದೋ ಊಹಿಸಬೇಕು. ಪೂಣಚ್ಚನವರು ಆ ರಾಜ್ಯದಲ್ಲಿ ಗೃಹ ಮತ್ತು ಕೈಗಾರಿಕೆಗಳ ಮಂತ್ರಿಗಳಾಗಿ ಕೆಲಸ ಮಾಡಿದರು. ಬಳಿಕ 1959ರಿಂದ 1963ರವರೆಗೆ ಕೇಂದ್ರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷತೆ, 1964ರಲ್ಲಿ ರಾಜ್ಯಸಭೆ, 1967ರ ಚುನಾವಣೆಯಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆ. 1952ರಲ್ಲಿ ಕೊಡಗಿಗೆ ಅದರದೇ ಆದ ಲೋಕಸಭಾ ಸ್ಥಾನವೊಂದಿತ್ತು. ಈ ಹೊತ್ತಿಗೆ ಅದು ಕರಾವಳಿಯ ದೊಡ್ಡ ಕ್ಷೇತ್ರದೊಳಗೆ ಸೇರಿಹೋಗಿತ್ತು. ಘಟ್ಟದ ಮೇಲಿನ ಅಭ್ಯರ್ಥಿಯು ಘಟ್ಟದ ಕೆಳಗಿನವರ ಮತವನ್ನು ಕೇಳಿ ಗೆಲ್ಲಬೇಕು, ಪೂಣಚ್ಚನವರು ಗೆದ್ದರು.

1967ರ ಮಾರ್ಚಿಯಲ್ಲಿ ಅವರು ಕೇಂದ್ರದ ರೈಲ್ವೆ ಮಂತ್ರಿಗಳಾಗಿ 1969ರ ಫೆಬ್ರುವರಿಯವರೆಗೆ ಆ ಖಾತೆಯಲ್ಲಿದ್ದರು. ಅವರು ಹುಟ್ಟಿ ಬೆಳೆದ ಕೊಡಗಿನೊಳಗೆ ಒಂದು ಮೈಲಿಯಷ್ಟೂ ರೈಲುಹಳಿ ಇರಲಿಲ್ಲ. ಅಲ್ಲಿಯವರಿಗೆ ರೈಲೆಂದರೆ ಮೈಸೂರಿಗೋ ಮಂಗಳೂರಿಗೋ ಬಸ್ಸಿನಲ್ಲಿ ಹೋಗಿ ಹತ್ತಬೇಕಾದ ವಾಹನ. ಇದನ್ನು ಹಾಸ್ಯವಾಗಿ ಹೇಳುವವರುಂಟು. ಮಂತ್ರಿಯಾದವನು ತನ್ನೂರಿಗೆ ಮೊದಲು ಹಳಿ ಹಾಕಿಸಿಕೊಳ್ಳುವ ರೂಢಿಯನ್ನು ಬಲ್ಲ ನಮಗೆ ಇದರಲ್ಲಿ ಹಾಸ್ಯಕ್ಕಿಂತ ಬೇರೊಂದು ಗುಣ ಕಾಣುತ್ತದೆ. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರ್ಕಾರದ ನೌಕರರ ಒಂದು ದಿನದ ಮುಷ್ಕರ ನಡೆದಾಗ ರೈಲ್ವೆ ಖಾತೆಯ ಹೊಣೆ ಅವರ ಮೇಲಿತ್ತು. ಒಂದು ಕಾಲಕ್ಕೆ ತಾವೇ ಕಾನೂನನ್ನು ಮುರಿದು ಸೆರೆಗೆ ಹೋದವರು ಮುಷ್ಕರವನ್ನು ಎದುರಿಸುವ ಸ್ಥಾನದಲ್ಲಿ ಕೂರಬೇಕಾಯಿತು. ಸ್ವಾತಂತ್ರ್ಯದ ಹೋರಾಟದಿಂದ ಮಂತ್ರಿಪದವಿಗೆ ಬಂದ ಆ ತಲೆಮಾರಿನ ಹಲವರಿಗೆ ಇದು ತಪ್ಪಲಿಲ್ಲ. 1969ರಲ್ಲಿ ಅವರಿಗೆ ಉಕ್ಕು ಮತ್ತು ಭಾರಿ ಇಂಜಿನಿಯರಿಂಗ್ ಖಾತೆ ಬಂದಿತು.

1978ರ ಆಗಸ್ಟಿನಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾದರು. ರಾಜಭವನವಿರುವುದು ಭೋಪಾಲಿನಲ್ಲಿ. ಆ ಭೋಪಾಲೂ 1952ರಲ್ಲಿ ಕೊಡಗಿನಂತೆಯೇ ‘ಸಿ’ ಭಾಗದ ರಾಜ್ಯವಾಗಿತ್ತು. ಅದಕ್ಕೂ ಒಂದು ಶಾಸನಸಭೆಯಿತ್ತು, ಒಬ್ಬ ಮುಖ್ಯಮಂತ್ರಿಯಿದ್ದರು. ಮುಂದೆ 1992ರಲ್ಲಿ ರಾಷ್ಟ್ರಪತಿಗಳಾದ ಶಂಕರದಯಾಳ ಶರ್ಮರೇ ಅವರು. 1956ರ ನವೆಂಬರ್ 1ರಂದು ಅದೂ ಅಳಿದು ದೊಡ್ಡ ರಾಜ್ಯವೊಂದರಲ್ಲಿ ಸೇರಿತ್ತು. ಅಳಿದ ಒಂದು ಪುಟ್ಟ ರಾಜ್ಯದ ಮುಖ್ಯಮಂತ್ರಿಯು, ಅಳಿದ ಮತ್ತೊಂದು ಪುಟ್ಟ ರಾಜ್ಯದ ರಾಜಧಾನಿಯಲ್ಲಿ ರಾಜ್ಯಪಾಲರಾಗಿ ಕುಳಿತಿದ್ದರು. 1980ರ ಫೆಬ್ರುವರಿಯಲ್ಲಿ ಮಧ್ಯಪ್ರದೇಶದ ವಿಧಾನಸಭೆಯು ವಿಸರ್ಜಿತವಾಗಿ ರಾಷ್ಟ್ರಪತಿಗಳ ಆಡಳಿತವು ಬಂದಿತು. ಏಪ್ರಿಲ್ ಕೊನೆಯಲ್ಲಿ ಅವರನ್ನು ಒರಿಸ್ಸಕ್ಕೆ ವರ್ಗಮಾಡಿದರು; ಅಲ್ಲಿಯೂ ಜೂನ್ ತಿಂಗಳವರೆಗೆ ಅದೇ ಸ್ಥಿತಿ. ಚೀಫ್ ಕಮಿಷನರರು ಅಧ್ಯಕ್ಷರಾಗಿದ್ದ ಮಂತ್ರಿಮಂಡಲದಲ್ಲಿ ಜನರ ಪರವಾಗಿ ಕುಳಿತಿದ್ದವರು, ಶಾಸನಸಭೆಯಿಲ್ಲದ ಎರಡು ವಿಶಾಲ ರಾಜ್ಯಗಳನ್ನು ಡೆಲ್ಲಿಯ ಪರವಾಗಿ ನೋಡಿಕೊಳ್ಳುವಂತಾಯಿತು. 1983ರಲ್ಲಿ ಅವರು ಆ ಪದವಿಯಿಂದ ನಿವೃತ್ತರಾದರು.

ಅಷ್ಟರಲ್ಲಿ ಕೊಡಗಿನವರೇ ಆದ ಆರ್. ಗುಂಡೂರಾಯರು 1980ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾಗಿ 1983ರವರೆಗೆ ಆಳಿದ್ದರು. ದೊಡ್ಡ ರಾಜ್ಯಕ್ಕೆ ಸೇರಿದ ಚಿಕ್ಕ ನಾಡಿನವನು ಆ ರಾಜ್ಯದ ಅಗ್ರಪೀಠಕ್ಕೂ ಏರಬಹುದೆಂಬುದಕ್ಕೆ ಇದು ನಿದರ್ಶನವಾಯಿತು. ವಿಲೀನದ ಪರವಾಗಿ ಹೇಳುವವರು ಇದನ್ನು ಮರೆಯದೆ ಹೇಳುತ್ತಾರೆ. ಪ್ರತಿಪಕ್ಷದವರೂ ಸುಮ್ಮನಾಗಲಿಲ್ಲ. 1990ರ ದಶಕದಲ್ಲಿ ಪ್ರತ್ಯೇಕ ಕೊಡಗು ರಾಜ್ಯದ ಬೇಡಿಕೆಯು ಮತ್ತೆ ಕೇಳಿಬಂದಿತು. ಅದನ್ನು ಕೇಳಲು ಪೂಣಚ್ಚನವರು ಇರಲಿಲ್ಲ. ಎಂಬತ್ತು ವರ್ಷ ತುಂಬಲು ಕೆಲವೇ ವಾರಗಳಿದ್ದಾಗ, 1990ರ ಆಗಸ್ಟ್ 7ರಂದು ಅವರು ತೀರಿಕೊಂಡರು.

2011ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5 ಲಕ್ಷ 54 ಸಾವಿರಕ್ಕೆ ಏರಿತ್ತು. 2008ರ ಕ್ಷೇತ್ರ ವಿಂಗಡಣೆಯ ನಂತರ ಅಷ್ಟು ಜನಕ್ಕೆ ವಿಧಾನಸಭೆಯಲ್ಲಿ ಉಳಿದಿದ್ದ ಸ್ಥಾನಗಳು ಎರಡು, ಮಡಿಕೇರಿಯದೊಂದು, ವಿರಾಜಪೇಟೆಯದೊಂದು. ಇಪ್ಪತ್ತನಾಲ್ಕು ಮಂದಿ ಕುಳಿತಿದ್ದ ಕೋಟೆಯ ಹಜಾರದಲ್ಲಿ ಆಮೇಲೆ ಜಿಲ್ಲೆಯ ಸಭೆ ಸಮಾರಂಭಗಳು ನಡೆಯುತ್ತಿದ್ದುವು. ಆಹ್ವಾನಪತ್ರಿಕೆಗಳಲ್ಲಿಯೂ ಪತ್ರಿಕೆಗಳ ವರದಿಗಳಲ್ಲಿಯೂ ಅದನ್ನು ಕೋಟೆಯ ಹಳೆಯ ವಿಧಾನ ಸಭಾಂಗಣವೆಂದೇ ಬರೆಯುತ್ತಿದ್ದರು.